ಮದಗದ ಕೆರೆಗೆ ಹೋಗಿ ಬಂದದ್ದು

ಈ ತಿಂಗಳ ಗೋಡೆ ಪತ್ರಿಕೆಗೆ ‘ದಸರಾ ರಜೆಯಲ್ಲಿ ನಾನು ನೋಡಿದ ಸ್ಥಳ’ ಎಂಬ ವಿಷಯ ಕೊಟ್ಟಿದ್ದಾರೆ. ಕನ್ನಡ ಟೀಚರ್ ಎರಡು ಹಾಳೆ ಸಾಕು ಎಂದಿದ್ದರು. ನಾನು ಆರು ಹಾಳೆ ಬರೆದಿದ್ದೇನೆ. ಅಕ್ಷರ ಸಣ್ಣದಾಗಿದ್ದರೆ ಹತ್ತಿರ ನಿಂತು ಓದಿರಿ. ಆದರೆ ದಯವಿಟ್ಟು ಅಂಚಿಗೆ ಗೀಚಬೇಡಿರಿ. ಹೋದ ತಿಂಗಳು ನಾನು ಬರೆದ ನವಿಲಿಗೆ ಯಾರೋ ಮೀಸೆ ಬರೆದಿದ್ದರು.

ನಾನು ನೋಡಿದ್ದು ಮದಗದ ಕೆರೆ. ಇದಕ್ಕೆ ಮದಗ ಮಾಸೂರು ಕೆರೆ ಎಂದೂ ಅನ್ನುತ್ತಾರೆ. ಇದು ಬಹಳ ದೂರವೇನೂ ಅಲ್ಲ, ನಮ್ಮ ಹಾವೇರಿ ಜಿಲ್ಲೆಯಲ್ಲೇ ಹಿರೇಕೆರೂರು, ರಟ್ಟೀಹಳ್ಳಿ ಸೀಮೆಯಲ್ಲಿದೆ. ನಮ್ಮ ಬ್ಯಾಡಗಿ ಕಡೆ ಎಲ್ಲಿ ನಿಂತು ನೋಡಿದರೂ ಗೋವಿನಜೋಳ, ಮೆಣಸಿನಗಿಡ, ಮತ್ತೆ ಗೋವಿನಜೋಳ. ಅಲ್ಲಿ ಹಾಗಲ್ಲ. ಗುಡ್ಡ ಶುರುವಾಗುತ್ತದೆ, ಅಡಿಕೆ ತೋಟ ಕಾಣುತ್ತದೆ, ಗಾಳಿ ತಣ್ಣಗಾಗುತ್ತದೆ. ನಮ್ಮ ಅಪ್ಪ ಅದನ್ನು ‘ಮಲೆನಾಡಿನ ಸೆರಗು’ ಎಂದರು. ನನಗೆ ಆ ಮಾತು ಬಹಳ ಸೇರಿತು.

ನಿಜ ಹೇಳಬೇಕೆಂದರೆ ನಾವು ಕೆರೆ ನೋಡಲು ಹೋದದ್ದಲ್ಲ. ಅಲ್ಲಿಯ ಒಂದು ಹಳ್ಳಿಯಲ್ಲಿ ನಮ್ಮ ಅತ್ತಿ ಇದ್ದಾಳೆ, ಅಂದರೆ ಅಪ್ಪನ ಅಕ್ಕ. ಬನ್ನಿ ಹಬ್ಬ ಮುಗಿದ ಮರುದಿನ ಅಜ್ಜಿ, “ಮಗಳಿಗೆ ಬನ್ನಿ ಕೊಟ್ಟ ಬರತೇನಿ. ಮುಂದಿನ ವರ್ಷಕ್ಕ ನಾ ಇರತೇನೋ ಇಲ್ಲೋ” ಎಂದು ಹಟ ಹಿಡಿದಳು. ಅಜ್ಜಿ ಪ್ರತಿ ವರ್ಷವೂ ಹೀಗೇ ಹೇಳುತ್ತಾಳೆ, ಪ್ರತಿ ವರ್ಷವೂ ಇರುತ್ತಾಳೆ. ಗೋವಿನಜೋಳ ಮುರಿಯಲು ಇನ್ನೂ ಒಂದು ವಾರ ಇತ್ತು. ಎಮ್ಮೆ ನೋಡಿಕೊಳ್ಳಲು ದೊಡ್ಡಪ್ಪ ಒಪ್ಪಿದರು. ಹೀಗಾಗಿ ಅಪ್ಪ, ಅವ್ವ, ಅಜ್ಜಿ, ತಮ್ಮ ಮತ್ತು ನಾನು, ಐದು ಮಂದಿ ಹೊರಟೆವು.

ಇಲ್ಲಿ ಇನ್ನೊಂದು ವಿಷಯ ಬರೆಯಬೇಕು. ಬರೆಯಲೋ ಬೇಡವೋ ಎಂದು ಟೀಚರನ್ನು ಕೇಳಿದೆ. ಮನೆಯವರು ಬೇಸರ ಮಾಡಿಕೊಳ್ಳದಿದ್ದರೆ ಬರಿ ಎಂದರು. ಅವ್ವನನ್ನು ಕೇಳಿದೆ. “ಇದ್ದದ್ದ ಬರಿ, ಅದರಾಗೇನ ಕಳವು ಮಾಡೀವಿ” ಅಂದಳು.

ನಿಮಗೆಲ್ಲ ಗೊತ್ತಿದ್ದ ಹಾಗೆ ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಮುಂದಿನ ಊರಿನಲ್ಲಿದೆ. ಹಿರಿಯರು ಅದನ್ನು ‘ಒಂದು ಹರದಾರಿ’ ಎನ್ನುತ್ತಾರೆ. ಬಸ್ಸು ಶಾಲೆಯ ಹೊತ್ತಿಗೆ ಸರಿಯಾಗುವುದಿಲ್ಲ. ನಡುವೆ ಹಳ್ಳ ಇದೆ. ಗಂಡುಹುಡುಗರು ಸೈಕಲ್ ಮೇಲೆ ಹೋಗುತ್ತಾರೆ. ನಮ್ಮ ದೊಡ್ಡಪ್ಪನ ಮಗಳು ಅಕ್ಕ ಎಂಟನೇ ತರಗತಿಗೆ ಸೇರಿದ್ದಳು. ಆಗ ಸರಕಾರದಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದರು, 2006ರಲ್ಲಿ ಶುರುವಾದ ಯೋಜನೆ ಅದು. ಅಕ್ಕನಿಗೂ ಬಂತು. ಆದರೆ ಆ ವರ್ಷ ನಮ್ಮೂರಿನಿಂದ ಹೋಗುವ ಹುಡುಗಿ ಅವಳೊಬ್ಬಳೇ. ಒಂದು ದಿನ ಮಳೆಯಾಗಿ ಹಳ್ಳ ಬಂತು. ಅವಳು ಆ ದಂಡೆಯಲ್ಲಿ ಕತ್ತಲಾಗುವ ತನಕ ಒಬ್ಬಳೇ ನಿಂತಿದ್ದಳಂತೆ. ಅಂದಿನಿಂದ ದೊಡ್ಡಪ್ಪ ಬಿಡಿಸಿದರು. ಈಗ ಅವಳ ಮದುವೆಯಾಗಿ ರಾಣೆಬೆನ್ನೂರು ಕಡೆ ಇದ್ದಾಳೆ. ಸೈಕಲ್ ಹಿತ್ತಲಲ್ಲಿ ಇದೆ. ಅದರ ಮೇಲೆ ಹೀರೆಬಳ್ಳಿ ಹಬ್ಬಿದೆ.

ನಾನು ಅಪ್ಪನನ್ನು ಕೇಳಿದಾಗ, “ನೋಡೂಣು” ಅಂದರು. ನಮ್ಮ ಮನೆಯಲ್ಲಿ ‘ನೋಡೂಣು’ ಅಂದರೆ ಬಹಳ ಸಲ ‘ಇಲ್ಲ’ ಅಂತಲೇ ಅರ್ಥ. ಹೊಸ ಎತ್ತಿಗೂ ನೋಡೂಣು, ಅವ್ವನ ಮಿಕ್ಸರಿಗೂ ನೋಡೂಣು. ಮತ್ತೆ ಕೇಳಿದೆ. “ಅಷ್ಟ ದೂರ ದಿನಾ ಹ್ಯಾಂಗ ನಡಿತಿ? ಕಾಲ ಸೋಲತಾವ” ಅಂದರು. ಆಗ ನನಗೆ ಒಂದು ಉಪಾಯ ಹೊಳೆಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಗಣಿತದ ಸರ್ ಜುಲೈ ತಿಂಗಳಲ್ಲಿ ನಮಗೆ ಮೈದಾನ ಅಳೆಯಲು ಕಲಿಸಿದ್ದು ನೆನಪಿದೆಯಲ್ಲ? ಟೇಪು ಹಿಡಿದು 50 ಮೀಟರ್ ಗೆರೆ ಹಾಕಿ ಎಲ್ಲರನ್ನೂ ನಡೆಸಿದ್ದರು. ನನಗೆ ಸರಿಯಾಗಿ ನೂರು ಹೆಜ್ಜೆ ಆಗಿತ್ತು. ಅಂದರೆ ನನ್ನ ಒಂದು ಹೆಜ್ಜೆ ಅರ್ಧ ಮೀಟರ್. ಎರಡು ಸಾವಿರ ಹೆಜ್ಜೆಗೆ ಒಂದು ಕಿಲೋಮೀಟರ್. ನಾನು ಐವತ್ತು ಹುಣಸಿ ಬೀಜ ಎಣಿಸಿ ಫ್ರಾಕಿನ ಬಲಗಡೆ ಜೇಬಿಗೆ ಹಾಕಿಕೊಂಡೆ. ನೂರು ಹೆಜ್ಜೆಗೆ ಒಂದು ಬೀಜ ಎಡಗಡೆ ಜೇಬಿಗೆ. ಐವತ್ತೂ ಬೀಜ ಹೋದರೆ ಎರಡೂವರೆ ಕಿಲೋಮೀಟರ್. ಆಮೇಲೆ ಅದೇ ಬೀಜ ತಿರುಗಿ ಈ ಕಡೆಗೆ. ಅತ್ತಿಯ ಊರಿನಲ್ಲಿ ಎಷ್ಟು ನಡೆಯುತ್ತೇನೋ ಅದೆಲ್ಲ ಎಣಿಸಿ ಅಪ್ಪನಿಗೆ ತೋರಿಸುವುದು, ಇದೇ ನನ್ನ ಉಪಾಯ.

ಬಸ್ಸಿನ ಬಗ್ಗೆ ಸ್ವಲ್ಪ. ಬ್ಯಾಡಗಿಗೆ ಹೋಗಿ, ಅಲ್ಲಿಂದ ಹಿರೇಕೆರೂರಿಗೆ, ಅಲ್ಲಿಂದ ಮಾಸೂರಿಗೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿನ ರೊಕ್ಕ ಇಲ್ಲವಲ್ಲ, ಅಜ್ಜಿ ತನ್ನ ಆಧಾರ್ ಕಾರ್ಡನ್ನು ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡು, ಕಂಡಕ್ಟರ್ ಕೇಳುವ ಮೊದಲೇ ಎತ್ತಿ ಹಿಡಿಯುತ್ತಿದ್ದಳು. ಕಾರ್ಡಿಗೆ ಸುಣ್ಣ ಹತ್ತಿತ್ತು. ನಮ್ಮ ಐದು ಮಂದಿಯಲ್ಲಿ ರೊಕ್ಕ ಕೊಟ್ಟವರು ಅಪ್ಪ ಒಬ್ಬರೇ, ತಮ್ಮನಿಗೆ ಅರ್ಧ ಟಿಕೀಟು. “ಒಂದೂವರಿ ಗಂಡಸರ ಸಲುವಾಗಿ ಇಷ್ಟ ರೊಕ್ಕ” ಎಂದು ಅಜ್ಜಿ ನಕ್ಕಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಮಾಸೂರು ಬಂದಾಗ ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ನಮ್ಮ ಪಾಠದಲ್ಲಿ ಬರುವ ಸರ್ವಜ್ಞನ ಸೀಮೆ ಇದು. ಅವನ ತಂದೆ ಮಾಸೂರಿನವನು, ತಾಯಿ ಅಬಲೂರಿನವಳು ಎಂದು ಹಿರಿಯರು ಹೇಳುತ್ತಾರೆ. ಮೂರೇ ಸಾಲಿನಲ್ಲಿ ಎಲ್ಲರನ್ನೂ ಬೈದು ಬುದ್ಧಿ ಹೇಳಿದ ಕವಿಯ ಊರು ಹೇಗಿರಬಹುದು ಎಂದು ನೋಡಿದರೆ ಎಲ್ಲ ಊರಿನ ಹಾಗೇ ಇತ್ತು. ಅಂಗಡಿ, ಮಿರ್ಚಿ ಬಂಡಿ, ಮಲಗಿದ ನಾಯಿ.

ಅತ್ತಿಯ ಮನೆಯಲ್ಲಿ ಆ ರಾತ್ರಿ ಮಾತೇ ಮಾತು. ಮರುದಿನ ಎದ್ದ ಕೂಡಲೆ ಮಾವ, “ಎಲ್ಲಾರೂ ಬುತ್ತಿ ಕಟಗೊಂಡು ಮದಗಕ್ಕ ಹೋಗೂಣು. ಕೋಡಿ ಬಿದ್ದೈತಿ. ಮುಂಜಾನೆ ಹೊಂಟ್ರ ಬಿಸಲ ಏರೂದ್ರೊಳಗ ಗುಡ್ಡ ಹತ್ತಿ ಇಳೀಬಹುದು” ಎಂದರು. ಅವ್ವ, “ಅಯ್ಯ, ನಾವೆಲ್ಲಿ ಗುಡ್ಡಕ್ಕ? ನಾ ಅತ್ತಿಗೀ ಜೋಡಿ ರೊಟ್ಟಿ ಮಾಡತೇನಿ, ನೀವು ಹೋಗಿ ಬರ್ರಿ” ಎಂದಳು. ಅತ್ತಿ ಬಿಡಲಿಲ್ಲ. ಐದು ಗಂಟೆಗೇ ಎದ್ದು ರೊಟ್ಟಿ ಬಡಿದಿದ್ದಳು. ಕಟಕ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಹಬ್ಬದ ಹೋಳಿಗೆ ನಾಲ್ಕು ಉಳಿದಿದ್ದವು, ಅವೂ ಬುತ್ತಿಯೊಳಗೆ ಸೇರಿದವು.

ಮನೆಯ ಕಟ್ಟೆ ಇಳಿದ ಕೂಡಲೆ ನಾನು ಎಣಿಸಲು ಶುರು ಮಾಡಿದೆ. ಒಂದು, ಎರಡು, ಮೂರು. ಎಣಿಸುತ್ತ ನಡೆಯುವುದು ಸುಲಭ ಎಂದುಕೊಂಡಿದ್ದೆ. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ತಮ್ಮ, “ಅಕ್ಕಾ, ಆ ಹಕ್ಕಿ ನೋಡು” ಎಂದರೆ “ಹೂಂ, ಎಪ್ಪತ್ತಾರು” ಅನ್ನುತ್ತಿದ್ದೆ. “ಎಪ್ಪತ್ತಾರ ಅಲ್ಲ, ಒಂದ ಐತಿ” ಎಂದು ಅವನು ಜಗಳ ತೆಗೆದ.

ಗದ್ದೆಯ ಬದುವಿನ ಮೇಲೆ ನಡೆದು ಏರಿ ಹತ್ತಿದೆವು. ಏರಿ ಅಂದರೆ ನಾನು ನಮ್ಮೂರ ಕೆರೆಯ ಏರಿಯ ಹಾಗೆ ಎಂದು ತಿಳಿದಿದ್ದೆ. ನಮ್ಮ ಏರಿಯ ಮೇಲೆ ಒಂದು ಬಂಡಿ ಕಷ್ಟದಿಂದ ಹೋಗುತ್ತದೆ. ಇದು ಏರಿಯೋ ಗುಡ್ಡವೋ ಗೊತ್ತೇ ಆಗಲಿಲ್ಲ. ಗಿಡ ಮರ ಬೆಳೆದು, ನಡುವೆ ದಾರಿ ಇದೆ. ಎರಡು ಕಡೆ ಎರಡು ಗುಡ್ಡ, ಅವುಗಳ ನಡುವಿನ ಬಾಯಿಗೆ ಮಣ್ಣು ತುಂಬಿ ಕುಮುದ್ವತಿ ನದಿಯನ್ನು ನಿಲ್ಲಿಸಿದ್ದಾರೆ. ಮಾವ ಹೇಳದಿದ್ದರೆ ಅದು ಮನುಷ್ಯರು ಕಟ್ಟಿದ್ದು ಎಂದು ನಾನು ನಂಬುತ್ತಿರಲಿಲ್ಲ.

ರಜೆ ಮುಗಿದ ಮೇಲೆ ಸಮಾಜ ವಿಜ್ಞಾನದ ಸರ್ ಅವರನ್ನು ಕೇಳಿ ತಿಳಿದದ್ದನ್ನೂ ಇಲ್ಲೇ ಬರೆಯುತ್ತೇನೆ. ಈ ಕೆರೆ ವಿಜಯನಗರದ ಅರಸರ ಕಾಲದ್ದು. ಬ್ರಿಟಿಷರ ಕಾಲದ ಇಂಜಿನಿಯರರು ಒಡ್ಡನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಎತ್ತರ 91 ಅಡಿಯಿಂದ 108 ಅಡಿ. ಬುಡದಲ್ಲಿ ಅಗಲ 900 ಅಡಿಗೂ ಹೆಚ್ಚು. ಮೊದಲು ನೀರು ನಿಲ್ಲುತ್ತಿದ್ದ ಜಾಗ 40 ಚದರ ಮೈಲಿ. ಸರ್ ನಮಗೆ ಲೆಕ್ಕ ಮಾಡಿಸಿದರು, ಅದು 100 ಚದರ ಕಿಲೋಮೀಟರಿಗಿಂತ ಹೆಚ್ಚಾಯಿತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಗೊತ್ತಲ್ಲ, 1974ರಲ್ಲಿ ಆದದ್ದು, ಅದು 119 ಚದರ ಕಿಲೋಮೀಟರ್. ಜಿಂಕೆಗಳು ಓಡಾಡುವ ಆ ಇಡೀ ಕಾಡಿನಷ್ಟು ಜಾಗದಲ್ಲಿ ಬರೀ ನೀರು ನಿಂತರೆ ಹೇಗಿರಬಹುದು ನೀವೇ ಯೋಚಿಸಿರಿ. ಸಿಮೆಂಟ್ ಇರಲಿಲ್ಲ, ಜೆ.ಸಿ.ಬಿ. ಇರಲಿಲ್ಲ. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ್ದಾರೆ.

ಆದರೆ ಅಷ್ಟು ದೊಡ್ಡ ಕೆರೆ ಉಳಿಯಲಿಲ್ಲ. ಸೋಜಿಗ ಏನೆಂದರೆ ಒಡೆದದ್ದು ಈ ದೊಡ್ಡ ಒಡ್ಡು ಅಲ್ಲ. ಪೂರ್ವದ ತುದಿಯಲ್ಲಿ ಪಕ್ಕದ ಒಡ್ಡು ಒಂದು ಇತ್ತಂತೆ, ಅದು ಒಡೆದು ನೀರು ಹರಿದುಹೋಯಿತು. ದೊಡ್ಡದು ಹಾಗೇ ನಿಂತಿದೆ. ಈಗ ನಾವು ನೋಡುವುದು ಆ ಹಳೆಯ ಕೆರೆಯ ಸ್ವಲ್ಪ ಭಾಗ ಮಾತ್ರ. ಸ್ವಲ್ಪ ಎಂದರೂ ತಮ್ಮ ಅದನ್ನು ನೋಡಿ, “ಇದು ಸಮುದ್ರ ಹೌದಲ್ಲ?” ಎಂದ. ಅವನು ಸಮುದ್ರ ನೋಡಿಲ್ಲ. ನಾನೂ ನೋಡಿಲ್ಲ. ಅದಕ್ಕೆ ಹೌದು ಎಂದೆ.

ಅಪ್ಪ ಏರಿಯ ಮೇಲೆ ನಿಂತು ಕೆಳಗಿನ ಗದ್ದೆಗಳನ್ನೇ ನೋಡುತ್ತಿದ್ದರು. ಮಾವ ತೂಬು ತೋರಿಸಿ ಹೇಳಿದರು, “ತೂಬಿನಿಂದ ನಮಗ ಬೇಕಾದಷ್ಟ ನೀರು ಬಿಡೂದು. ಬ್ಯಾಡಾದದ್ದು ತಾನ ಕೋಡಿ ಮ್ಯಾಲಿಂದ ಹೋಗತೈತಿ. ಕೋಡಿ ಇಲ್ಲದ ಕೆರಿ ಅಂದ್ರ ಒಡಿಯೂ ಕೆರಿ.” ಅಪ್ಪನಿಗೆ ಈ ವಿಷಯ ಎಷ್ಟು ಸೇರಿತೆಂದರೆ ತೂಬಿನ ಕಲ್ಲು, ನೀರು ಹರಿಯುವ ಪಾಳಿ, ನೀರಗಂಟಿಗೆ ಎಷ್ಟು ಕಾಳು ಕೊಡಬೇಕು ಎಲ್ಲ ಕೇಳಿದರು. ನಮ್ಮ ಹೊಲಕ್ಕೆ ಬೋರ್‌ವೆಲ್ ಎರಡು ಸಲ ಹಾಕಿಸಿ ಎರಡೂ ಸಲ ಬರೀ ಧೂಳು ಬಂದಿತ್ತು. ಅದಕ್ಕೇ ಇರಬೇಕು, ನೀರು ನೋಡುವಾಗ ಅಪ್ಪನ ಮುಖ ಬೇರೆಯಾಗುತ್ತದೆ.

ಈ ಕುಮುದ್ವತಿ ಹುಟ್ಟುವುದು ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ. ಶಿಕಾರಿಪುರದ ಕಡೆ ಅಂಜನಾಪುರದ ಜಲಾಶಯ ತುಂಬಿಸಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯ ಮಗ್ಗುಲಿಗೆ ಹರಿದು, ಕಡೆಗೆ ನಮ್ಮ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಗೆ ಸೇರುತ್ತದೆ.

ಅಜ್ಜಿಗೆ ಮೊಣಕಾಲು ನೋವು. ಏರಿಯ ಮೇಲೆ ನೆರಳು ನೋಡಿ ಕೂಡಿಸಿದೆವು. ಅತ್ತಿ ಜೊತೆಗೆ ಕೂತಳು. ತಾಯಿ ಮಗಳು ಮಾತಾಡಲಿ ಎಂದು ನಾವು ಗುಡ್ಡದ ದಾರಿ ಹಿಡಿದೆವು. ಅದು ದನಗಳು ತಿರುಗಾಡಿ ಮಾಡಿದ ದಾರಿ. ಬಹಳ ಕಡಿದಾಗಿಲ್ಲ, ಸಣ್ಣ ಮಕ್ಕಳು ಹತ್ತಬಹುದು. ಆದರೆ ಮಳೆಗಾಲದ ಹುಲ್ಲು ಸೊಂಟದ ತನಕ ಇತ್ತು. ಉತ್ತರಾಣಿ ಬಟ್ಟೆಗೆಲ್ಲ ಹತ್ತಿಕೊಂಡಿತು. ಮಾವ ಮುಂದೆ ಕೋಲಿನಿಂದ ಹುಲ್ಲು ಬಡಿಯುತ್ತ ಹೋದರು, ಹುಳಹುಪ್ಪಡಿ ಇದ್ದರೆ ಸರಿಯಲಿ ಎಂದು. ನೀವು ಹೋಗುವುದಾದರೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿರಿ. ತಮ್ಮ ಹಾಕಿದ್ದ. ಅರ್ಧ ಗುಡ್ಡದಲ್ಲಿ ಅವನ ಚಪ್ಪಲಿಯ ಬಾರು ಕಿತ್ತಿತು. ಪಿನ್ನು ಹಾಕಿದರೂ ನಿಲ್ಲಲಿಲ್ಲ. ಬರಿಗಾಲಿನಲ್ಲಿ ಹತ್ತು ಹೆಜ್ಜೆ ಹೋಗಿ ಮುಳ್ಳು ಚುಚ್ಚಿತೆಂದು ಅಳಲು ಕೂತ.

ಅಪ್ಪ ಅವನನ್ನು ಎತ್ತಿಕೊಳ್ಳಲು ಬಗ್ಗಿದರು. ನಾನು, “ಅಪ್ಪಾ, ನಾ ಹೊತಗೋತೇನಿ” ಎಂದು ಬೆನ್ನ ಮೇಲೆ ಹಾಕಿಕೊಂಡೆ. ಅವನು ಒಂದನೇ ತರಗತಿ, ಆದರೆ ಬಹಳ ಭಾರ. ಹೆಜ್ಜೆ ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಬೀಜ ಜೇಬಿನಿಂದ ಜೇಬಿಗೆ ಹಾಕಲು ಕೈ ಇರಲಿಲ್ಲ, ಅದಕ್ಕೆ ನೂರಾದಾಗೆಲ್ಲ ತಮ್ಮನಿಗೆ ಹೇಳಿ ಹಾಕಿಸಿದೆ. “ಇವು ಯಾಕಬೇ?” ಎಂದು ಅವನು ಜೋರಾಗಿ ಕೇಳಿದ. ಅಪ್ಪ ತಿರುಗಿ ನೋಡಿದರು. ನಾನು ಆಟ ಎಂದೆ.

ತುದಿಯಲ್ಲಿ ಒಂದು ಹಾಸುಬಂಡೆ ಇದೆ. ಅಲ್ಲಿಂದ ಒಂದು ಕಡೆ ಕೆರೆ, ಗುಡ್ಡದ ನೆರಳು ಬಿದ್ದ ಕಡೆ ಹಸಿರು, ಬಿಸಿಲು ಬಿದ್ದ ಕಡೆ ಬೆಳ್ಳಿ. ಇನ್ನೊಂದು ಕಡೆ ಭತ್ತದ ಗದ್ದೆ, ಅಡಿಕೆ, ತೆಂಗು, ಸಣ್ಣ ಸಣ್ಣ ಹಂಚಿನ ಮನೆ. ಬೆಳ್ಳಕ್ಕಿಗಳು ನಮ್ಮ ಕೆಳಗೆ ಹಾರುತ್ತಿದ್ದವು. ಹಕ್ಕಿಯ ಬೆನ್ನನ್ನು ನಾನು ಅವತ್ತೇ ಮೊದಲು ನೋಡಿದ್ದು. ಯಾವಾಗಲೂ ಹೊಟ್ಟೆಯೇ ಕಾಣುತ್ತಿತ್ತು.

ಅವ್ವ ಚಪ್ಪಲಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬಂಡೆಯ ಮೇಲೆ ಕೂತಳು. ಸುಮ್ಮನೆ ಕೂತಳು. ಅವ್ವ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಕೂತರೆ ಕೈಯಲ್ಲಿ ಕಾಳು ಇರುತ್ತದೆ, ಇಲ್ಲವೆಂದರೆ ಮೆಣಸಿನಕಾಯಿ ತೊಟ್ಟು ತೆಗೆಯುತ್ತಾಳೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. ಮಾನ್ಯತೆ ಬಂದಿದೆ, ದೇಶವೆಲ್ಲ ಹೆಸರು ಎಂದು ಓದಿದ್ದೇವೆ. ಅದರ ಬಣ್ಣ ಜಾಸ್ತಿ ಖಾರ ಕಡಿಮೆ ಎಂದೂ ಓದಿದ್ದೇವೆ. ತೊಟ್ಟು ತೆಗೆದವರ ಕೈ ರಾತ್ರಿ ಎಲ್ಲ ಉರಿಯುವುದು ಪುಸ್ತಕದಲ್ಲಿ ಇಲ್ಲ. ಅವ್ವ ಹೇಳಿದಳು, “ನಾನೂ ದಿನಾ ನಡಿತೇನಿ. ಹೊಲಕ್ಕ, ನೀರಿಗೆ, ಸಂತಿಗೆ. ನೋಡಾಕಂತ ನಡದದ್ದು ಇವತ್ತ ಮೊದಲು.” ಅಪ್ಪ ಏನೂ ಅನ್ನಲಿಲ್ಲ. ನೀರಿನ ಬಾಟಲಿಯನ್ನು ಅವ್ವನಿಗೆ ಮೊದಲು ಕೊಟ್ಟರು. ಮನೆಯಲ್ಲಿ ಅಪ್ಪ ಮೊದಲು ಕುಡಿಯುತ್ತಾರೆ.

ಇಳಿಯುವಾಗ ಅವ್ವ ಎಲ್ಲರಿಗಿಂತ ಮುಂದೆ. ಅಪ್ಪನೇ ಹಿಂದೆ ಬಿದ್ದರು.

ಕೋಡಿಯ ಕಡೆ ಹೋದಾಗ ಸದ್ದಿನಿಂದ ಮಾತು ಕೇಳುತ್ತಿರಲಿಲ್ಲ. ನೀರು ಬಂಡೆಯಿಂದ ಬಂಡೆಗೆ ಹಾರಿ ಹಾಲಿನ ನೊರೆಯ ಹಾಗೆ ಬೀಳುತ್ತದೆ. ಮಳೆ ಹೆಚ್ಚಾದ ವರ್ಷ ನೋಡಲು ಬಹಳ ಮಂದಿ ಬರುತ್ತಾರಂತೆ. ಬಂಡೆಯ ಮೇಲೆಲ್ಲ ಪಾಚಿ. ಮೊಬೈಲ್ ಹಿಡಿದ ಕೆಲವರು ನೀರಿನ ತುದಿಯ ತನಕ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು. ನೋಡಿಯೇ ನನಗೆ ಎದೆ ಢವಢವ ಎಂದಿತು. ಮಾವ ನಮ್ಮನ್ನು ದೂರವೇ ನಿಲ್ಲಿಸಿದರು. “ಇದು ನೋಡೂ ನೀರು, ಆಡೂ ನೀರಲ್ಲ” ಎಂದರು. ತಮ್ಮನ ಕೈಯನ್ನು ನಾನು ಒಂದು ಕಡೆ, ಅಪ್ಪ ಒಂದು ಕಡೆ ಹಿಡಿದಿದ್ದೆವು. ಹನಿ ಹನಿ ಮುಖಕ್ಕೆ ಬೀಳುತ್ತಿತ್ತು, ಅಷ್ಟೇ ಸಾಕಾಯಿತು.

ಬುತ್ತಿ ಬಿಚ್ಚಿದ್ದು ಮತ್ತೆ ಏರಿಯ ಮೇಲೆ, ಅಜ್ಜಿ ಇದ್ದ ನೆರಳಿನಲ್ಲಿ. ಊಟ ಮಾಡುತ್ತ ಅಜ್ಜಿ ಕೆರೆಗೆ ಹಾರವಾದ ಭಾಗೀರಥಿಯ ಕಥೆ ಹೇಳಿದಳು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ್ದು, ನೀರು ಬಾರದಿದ್ದದ್ದು, ಜೋಯಿಸರು ಸೊಸೆಯನ್ನು ಕೊಡಬೇಕು ಎಂದದ್ದು, ಕಿರಿಯ ಸೊಸೆ ಭಾಗೀರಥಿ ಎಲ್ಲ ಗೊತ್ತಿದ್ದೂ ಹೋದದ್ದು, ದಂಡಿನಿಂದ ಬಂದ ಗಂಡನೂ ಅದೇ ಕೆರೆಗೆ ಹಾರಿದ್ದು. ಅದು ಈ ಕೆರೆಯ ಕಥೆಯಲ್ಲ, ಆದರೆ ನೀರು ಎದುರಿಗೇ ಇದ್ದದ್ದರಿಂದ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆಗ ಅವ್ವ, ತಟ್ಟೆ ನೋಡುತ್ತಲೇ, “ಎಲ್ಲಾ ಕೆರಿಗೂ ಸೊಸಿನ ಯಾಕ ಬೇಕಾಗತಾಳ, ಅತ್ತಿ? ಗೌಡ ಯಾಕ ಹಾರಲಿಲ್ಲ?” ಎಂದಳು.

ಎಲ್ಲರೂ ಸುಮ್ಮನಾದರು. ಅವ್ವ ಅಜ್ಜಿಗೆ ಹಾಗೆ ಎದುರು ಮಾತಾಡುವವಳಲ್ಲ. ಅಜ್ಜಿ ಸ್ವಲ್ಪ ಹೊತ್ತು ನೀರು ನೋಡಿದಳು. ಆಮೇಲೆ ತನ್ನ ಪಾಲಿನ ಹೋಳಿಗೆ ಮುರಿದು ದೊಡ್ಡ ತುಂಡನ್ನು ಅವ್ವನ ತಟ್ಟೆಗೆ ಹಾಕಿ, “ತಿನ್ನು” ಎಂದಳು. ಅಷ್ಟೇ.

ನಾನು ಅದೇ ಸರಿಯಾದ ಹೊತ್ತು ಎಂದು ಜೇಬಿನ ಬೀಜ ಎಲ್ಲ ತೆಗೆದು ಅಪ್ಪನ ಮುಂದೆ ಇಟ್ಟು, ಅಲ್ಲಿಯ ತನಕದ ಲೆಕ್ಕ ಹೇಳಿದೆ. ಮನೆ ಮುಟ್ಟಿದ ಮೇಲೆ ಪೂರ್ತಿ ಲೆಕ್ಕ ಆಯಿತು. ಎರಡು ಸಲ ಐವತ್ತು, ಮೇಲೆ ಮೂವತ್ನಾಲ್ಕು. ಒಟ್ಟು 134 ಬೀಜ. 13,400 ಹೆಜ್ಜೆ. ಅಂದರೆ ಆರು ಕಿಲೋಮೀಟರ್ 700 ಮೀಟರ್. ಗುಡ್ಡ ಹತ್ತುವಾಗ ಹೆಜ್ಜೆ ಸಣ್ಣದಾಗುತ್ತದೆ, ಅದಕ್ಕೆ ಸ್ವಲ್ಪ ಕಳೆಯಬೇಕು ಎಂದು ಗಣಿತದ ಸರ್ ಆಮೇಲೆ ಹೇಳಿದರು. ಹಾಗಾದರೆ ತಮ್ಮನನ್ನು ಹೊತ್ತದ್ದಕ್ಕೆ ಸ್ವಲ್ಪ ಕೂಡಿಸಬೇಕಲ್ಲವೇ ಎಂದು ನಾನು ಕೇಳಿದೆ. ಸರ್ ನಕ್ಕರು.

ಅಪ್ಪ ನಗಲಿಲ್ಲ. ಬೀಜಗಳನ್ನು ಬೆರಳಿನಿಂದ ಸರಿಸಿ ಎಣಿಸಿದರು. ನಾನು ಖುಷಿಯಿಂದ, “ಈಗರ ಹೈಸ್ಕೂಲಿಗೆ ಕಳಸತೀ ಇಲ್ಲೋ?” ಎಂದೆ. ಅಪ್ಪ, “ಒಂದ ದಿನ ಎಲ್ಲಾರ ಜೋಡಿ ನಗಕೋಂತ ನಡಿಯೂದು ಬ್ಯಾರೆ, ದಿನಾ ಒಬ್ಬಾಕಿ ನಡಿಯೂದು ಬ್ಯಾರೆ. ನನಗ ನಿನ್ನ ಕಾಲಿಂದ ಚಿಂತಿ ಇಲ್ಲ. ಹಳ್ಳದ್ದೈತಿ” ಎಂದರು. ನನಗೆ ಅಳು ಬಂತು. ಆದರೆ ಅಪ್ಪ ಹೇಳಿದ್ದು ಸುಳ್ಳಲ್ಲ. ನಾನು ಅಳೆದದ್ದು ದೂರವನ್ನು. ಅಪ್ಪ ಹೆದರಿದ್ದು ದೂರಕ್ಕಲ್ಲ.

ಆಗ ಅವ್ವ ಹೇಳಿದಳು, “ಹಳ್ಳದ ತನಕಾ ನಾ ಬರತೇನಿ. ಮುಂಜಾನೆ ಹ್ಯಾಂಗೂ ಆ ಕಡಿ ಹುಲ್ಲಿಗೆ ಹೋಗೂದೈತಿ. ಸಂಜಿಕ ಎಮ್ಮಿ ಹೊಡಕೊಂಡು ಬರೂದೂ ಅದ ದಾರಿ.” ಅಪ್ಪ, “ನೋಡೂಣು” ಎಂದರು. ಈ ನೋಡೂಣು ಮೊದಲಿನ ನೋಡೂಣು ಹಾಗೆ ಇತ್ತೋ ಬೇರೆ ಇತ್ತೋ ನನಗೆ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅವ್ವನನ್ನು ಕೇಳಿದೆ. “ಸ್ವಲ್ಪ ಬ್ಯಾರೆ ಇತ್ತು” ಎಂದಳು.

ರಜೆ ಮುಗಿದ ಮೇಲಿನ ಭಾನುವಾರ ಅವ್ವ ಮತ್ತು ನಾನು ಹೈಸ್ಕೂಲಿನ ಗೇಟಿನ ತನಕ ನಡೆದು ಬಂದೆವು. ಅದೇ ಹುಣಸಿ ಬೀಜ. 92 ಆದವು. ನಾಲ್ಕು ಕಿಲೋಮೀಟರ್ 600 ಮೀಟರ್. ಹೋಗಲು ಒಂದು ತಾಸು ಐದು ನಿಮಿಷ ಬೇಕಾಯಿತು. ಹಳ್ಳದಲ್ಲಿ ಈಗ ಪಾದ ಮುಳುಗುವಷ್ಟು ನೀರು, ಕಲ್ಲು ದಾಟಿ ಹೋಗಬಹುದು. ಗೇಟಿಗೆ ಬೀಗ ಇತ್ತು. ಸರಳಿನ ಸಂದಿಯಿಂದ ಒಳಗೆ ನೋಡಿದೆವು. ಬೇವಿನ ಗಿಡ, ಬಾವುಟದ ಕಟ್ಟೆ, ಉದ್ದ ವರಾಂಡ. ಅವ್ವ ನನಗಿಂತ ಹೆಚ್ಚು ಹೊತ್ತು ನೋಡಿದಳು. ಅವಳು ನಾಲ್ಕನೇ ತರಗತಿಗೆ ಬಿಟ್ಟವಳು.

ತಿರುಗಿ ಬರುವಾಗ ಹಳ್ಳದ ದಂಡೆಯಲ್ಲಿ ಅಪ್ಪ ನಿಂತಿದ್ದರು. “ಎಮ್ಮಿ ತಪ್ಪಿಸಿಕೊಂಡಿತ್ತು, ಹುಡುಕಾಕ ಬಂದೆ” ಎಂದರು. ಮನೆಗೆ ಬಂದು ನೋಡಿದರೆ ಎಮ್ಮೆ ಕಟ್ಟಿದಲ್ಲೇ ಇತ್ತು. ಸಗಣಿಯೂ ಒಂದೇ ಕಡೆ ಇತ್ತು.

ಈಗ ನಾನು ನಮ್ಮ ತರಗತಿಯ ಹುಡುಗಿಯರಿಗೆ ಹೇಳುವುದು. ನನ್ನ ಬಿಟ್ಟು ನೀವು ನಾಲ್ಕು ಮಂದಿ ಇದ್ದೀರಿ. ನಿಮ್ಮಲ್ಲಿ ಇಬ್ಬರ ಮನೆಯಲ್ಲೂ ‘ನೋಡೂಣು’ ಅಂದಿದ್ದಾರೆ ಎಂದು ನನಗೆ ಗೊತ್ತು. ಅಕ್ಕ ಒಬ್ಬಳೇ ಇದ್ದಳು. ನಾವು ಐದು ಮಂದಿ. ಬರುವ ಭಾನುವಾರ ಅವ್ವ ಮತ್ತು ನಾನು ಮತ್ತೆ ಅದೇ ದಾರಿಯಲ್ಲಿ ನಡೆಯುತ್ತೇವೆ. ಬರುವವರು ಮುಂಜಾನೆ ಎಂಟು ಗಂಟೆಗೆ ಬಸವಣ್ಣನ ಗುಡಿಯ ಮುಂದೆ ಬರಬೇಕು. ನಿಮ್ಮ ಅವ್ವಂದಿರನ್ನೂ ಕರೆದುಕೊಂಡು ಬರ್ರಿ. ಹವಾಯಿ ಚಪ್ಪಲಿ ಬೇಡ. ಬುತ್ತಿ ಅವರವರೇ ತರಬೇಕು, ಚಟ್ನಿ ನಾನು ತರುತ್ತೇನೆ. ಹುಣಸಿ ಬೀಜ ನನ್ನ ಹತ್ತಿರ ಇವೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ